ಇಲಿಗೆ ಫ್ಯಾಟಿ ಲಿವರ್ ಬರ್ಸೋದು ಹೇಗೆ

"ಇಲಿಗಳಲ್ಲಿ ಫ್ಯಾಟಿ ಲಿವರ್ ಪೂರ್ತಿ ವಾಸಿಯಾಯ್ತು" ಅನ್ನೋ ಥರದ ಸುದ್ದಿ ವಾಟ್ಸಾಪಲ್ಲಿ ಬಂದಾಗ್ಲೆಲ್ಲ ನಾನು ಮೊದಲು ಹುಡುಕೋದು ಒಂದೇ ವಿಷಯ, ಆ ಇಲಿಗೆ ಫ್ಯಾಟಿ ಲಿವರ್ ಬಂದಿದ್ದು ಹೇಗೆ ಅಂತ. ಯಾಕಂದ್ರೆ ಲ್ಯಾಬಲ್ಲಿ ಮಾಮೂಲಿ ಆಹಾರ ತಿನ್ಕೊಂಡಿರೋ ಇಲಿಗೆ ಈ ಕಾಯಿಲೆ ಸಾಮಾನ್ಯವಾಗಿ ತಾನಾಗೇ ಬರೋದಿಲ್ಲ. ಅದರ ಆಯಸ್ಸೇ ಎರಡು ವರ್ಷದ ಆಸುಪಾಸು. ಮನುಷ್ಯನ ಲಿವರಲ್ಲಿ ಕೊಬ್ಬು ತುಂಬಿ, ಉರಿಯೂತ ಶುರುವಾಗಿ, ಒಳಗೆ ನಾರು ಕಟ್ಟಿ ಗಟ್ಟಿಯಾಗ್ತಾ ಸಿರೋಸಿಸ್ ತನಕ ಹೋಗೋದಕ್ಕೆ ಇಪ್ಪತ್ತು ಮೂವತ್ತು ವರ್ಷಾನೂ ಹಿಡಿಯತ್ತೆ. ಹಾಗಾಗಿ ರಿಸರ್ಚ್ ಮಾಡೋರು ಇಲಿಗೆ ಈ ಕಾಯಿಲೆ ಬರ್ಸಬೇಕು, ಅದೂ ಪ್ರಾಜೆಕ್ಟ್ ದುಡ್ಡು ಮುಗಿಯೋದ್ರೊಳಗೆ ಬರ್ಸಬೇಕು. ಯಾವ ದಾರೀಲಿ ಬರ್ಸಿದ್ರು ಅನ್ನೋದ್ರ ಮೇಲೆ ಅದು ಯಾವ ಕಾಯಿಲೆ ಅನ್ನೋದೇ ಬದಲಾಗಿಬಿಡತ್ತೆ, ಔಷಧಿ ಕೆಲಸ ಮಾಡ್ತೋ ಇಲ್ವೋ ಅನ್ನೋದೂ ಬದಲಾಗತ್ತೆ, ಆದ್ರೆ ಸುದ್ದೀಲಿ ಈ ಭಾಗದ ಬಗ್ಗೆ ಒಂದು ಸಾಲೂ ಇರಲ್ಲ. ನಾನು ಬೆಂಗಳೂರಲ್ಲಿ ಲಿವರ್ ಮೇಲೆ ಕೆಲಸ ಮಾಡೋ ಒಂದು ಲ್ಯಾಬಲ್ಲಿದ್ದೆ, ಹೆಚ್ಚಾಗಿ ಸೆಲ್ ಕಲ್ಚರ್ (ಜೀವಕೋಶಗಳನ್ನ ಪ್ಲೇಟಲ್ಲಿ ಬೆಳೆಸೋದು), ಸ್ವಲ್ಪ ಇಲಿ ಕೆಲಸ. ಆ ಒಂದು ಸಾಲನ್ನ ಇಲ್ಲಿ ಉದ್ದಕ್ಕೆ ಬರೀತೀನಿ.

ಮೊದಲು ಕಾಯಿಲೆ ಬಗ್ಗೆ ಚುಟುಕಾಗಿ. ಲಿವರಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬಿನ ಹನಿ ಕಂಡ್ರೆ ಅದು ಫ್ಯಾಟಿ ಲಿವರ್. ಕೊಬ್ಬಿದ್ದೋರಿಗೆಲ್ಲ ತೊಂದ್ರೆ ಆಗತ್ತೆ ಅಂತಿಲ್ಲ, ಬಹಳ ಜನಕ್ಕೆ ಅದು ಅಲ್ಲಿಗೇ ನಿಂತಿರತ್ತೆ. ಕೆಲವರಿಗೆ ಮಾತ್ರ ಉರಿಯೂತ ಸೇರ್ಕೊಂಡು, ಕೋಶಗಳು ಬಲೂನ್ ಥರ ಊದಿ, ಆಮೇಲೆ ಫೈಬ್ರೋಸಿಸ್, ಅಂದ್ರೆ ಒಳಗೆ ನಾರು ಕಟ್ಟೋದು, ಆಮೇಲೆ ಸಿರೋಸಿಸ್ ಅಥವಾ ಕ್ಯಾನ್ಸರ್. ಕುಡಿಯದೇ ಇರೋರ ಲಿವರಲ್ಲೂ ಕುಡುಕರ ಲಿವರಲ್ಲಿ ಕಾಣೋ ಅದೇ ಹಾನಿ ಕಾಣತ್ತೆ ಅಂತ 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಯೂರ್ಗೆನ್ ಲುಡ್ವಿಗ್ 20 ಜನ ರೋಗಿಗಳ ಬಯಾಪ್ಸಿ ಇಟ್ಕೊಂಡು ಬರೆದು ಅದಕ್ಕೆ ನ್ಯಾಶ್ ಅಂತ ಹೆಸರಿಟ್ರು. 2023ರಲ್ಲಿ ಹೆಸರು ಬದಲಾಗಿ ಈಗ ಮ್ಯಾಶ್, ಒಟ್ಟು ಕಾಯಿಲೆಗೆ ಮ್ಯಾಸ್ಲ್ಡ್ ಅಂತಾರೆ. ನಾನು ಫ್ಯಾಟಿ ಲಿವರ್ ಅಂತಲೇ ಬರೀತೀನಿ, ಸ್ಕ್ಯಾನಿಂಗ್ ರಿಪೋರ್ಟಲ್ಲಿ ಬರೋದೂ ಅದೇ.

ಈಗ ನಾಯಿಗಳ ಕಥೆ ಹೇಳ್ಬೇಕು, ಅದು ಗೊತ್ತಿಲ್ದೆ ಇಲಿ ಕಥೆ ಅರ್ಥ ಆಗಲ್ಲ. 1921-22ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ತಂಡದೋರು ಇನ್ಸುಲಿನ್ ಕಂಡುಹಿಡಿದಿದ್ದು ಎಲ್ರಿಗೂ ಗೊತ್ತು. ಪ್ಯಾಂಕ್ರಿಯಾಸ್ ತೆಗೆದುಹಾಕಿದ ನಾಯಿಗಳನ್ನ ಇನ್ಸುಲಿನ್ ಕೊಟ್ಟು ಬದುಕ್ಸಬಹುದು ಅಂತ ಆಯ್ತಲ್ಲ, ಆದ್ರೆ ಆ ನಾಯಿಗಳು ಬಹಳ ದಿನ ಬದುಕ್ತಿರಲಿಲ್ಲ, ಶುಗರ್ ಸರಿಯಿದ್ರೂ ಸೊರಗಿ ಸಾಯ್ತಿದ್ವು, ಕೊಯ್ದು ನೋಡಿದ್ರೆ ಲಿವರ್ ತುಂಬಾ ಬರೀ ಕೊಬ್ಬು. ಹಸಿ ಪ್ಯಾಂಕ್ರಿಯಾಸ್ ತಿನ್ಸಿದ್ರೆ ಸರಿಹೋಗ್ತಿತ್ತು. ಅದರಲ್ಲಿರೋ ಯಾವುದು ಕೆಲಸ ಮಾಡ್ತಿದೆ ಅಂತ ಹುಡುಕ್ತಾ ಹೋಗಿ ಲೆಸಿಥಿನ್ ಅನ್ನೋ ಕೊಬ್ಬಿನ ಥರದ ವಸ್ತು ಸಿಕ್ತು, ಲೆಸಿಥಿನ್ ಒಳಗೆ ನೋಡಿದ್ರೆ ಕೋಲೀನ್ ಅನ್ನೋ ಪೋಷಕಾಂಶ ಸಿಕ್ತು, 1932ರಲ್ಲಿ ಬೆಸ್ಟ್ ತಂಡ ಇದನ್ನ ಇಲಿಗಳಲ್ಲೂ ತೋರ್ಸಿ ಪ್ರಕಟಿಸ್ತು. ಇನ್ಸುಲಿನ್ ಸುದ್ದಿ ಎಷ್ಟು ದೊಡ್ಡದಾಯ್ತು ಅಂದ್ರೆ ಅದೇ ಊರಿಂದ ಬಂದ ಈ ಕೋಲೀನ್ ಕೆಲಸ ಯಾರಿಗೂ ನೆನಪಿಲ್ಲ, ನನಗಂತೂ ಇದು ಇನ್ನೂ ಚೆನ್ನಾಗಿರೋ ಪತ್ತೇದಾರಿ ಕೆಲಸ ಅನ್ಸತ್ತೆ.

ಕೋಲೀನ್ ಯಾಕೆ ಬೇಕು ಅಂದ್ರೆ, ಲಿವರ್ ತನ್ನಲ್ಲಿರೋ ಕೊಬ್ಬನ್ನ ರಕ್ತಕ್ಕೆ ಬಿಡಬೇಕಾದ್ರೆ ಹಾಗೇ ಬಿಡೋಕಾಗಲ್ಲ, ಕೊಬ್ಬು ನೀರಲ್ಲಿ ಬೆರೆಯಲ್ಲ. ಅದರ ಸುತ್ತ ಫಾಸ್ಫಟಿಡಿಲ್‌ಕೋಲೀನ್ ಅನ್ನೋದ್ರ ಹೊದಿಕೆ ಕಟ್ಟಿ, ವಿಎಲ್‌ಡಿಎಲ್ ಅನ್ನೋ ಕಣ ಮಾಡಿ ಆಚೆ ಕಳಿಸತ್ತೆ. ಕೋಲೀನ್ ಇಲ್ಲ ಅಂದ್ರೆ ಹೊದಿಕೆ ಇಲ್ಲ, ಹೊದಿಕೆ ಇಲ್ಲ ಅಂದ್ರೆ ಕೊಬ್ಬು ಆಚೆ ಹೋಗಲ್ಲ, ಅಲ್ಲೇ ಕೂಡಿಕೊಳ್ಳತ್ತೆ. ಇದು ಮನುಷ್ಯರಲ್ಲೂ ನಿಜ. ಬಹಳ ಕಾಲ ಬಾಯಿಂದ ತಿನ್ನೋಕಾಗದೆ ರಕ್ತನಾಳದ ಮೂಲಕವೇ ಆಹಾರ ತಗೊಳ್ತಿದ್ದ ರೋಗಿಗಳಿಗೆ ಫ್ಯಾಟಿ ಲಿವರ್ ಬರ್ತಿತ್ತು, ಆ ದ್ರವಕ್ಕೆ ಕೋಲೀನ್ ಸೇರ್ಸಿದಾಗ ಕೆಲವರಲ್ಲಿ ಅದು ಇಳೀತು.

ಈ ಜ್ಞಾನದಿಂದಲೇ ಹುಟ್ಟಿದ್ದು ಎಂಸಿಡಿ ಡಯಟ್. ಮೆಥಿಯೋನೀನ್ ಅನ್ನೋ ಅಮೈನೋ ಆಸಿಡ್, ಕೋಲೀನ್ ಎರಡನ್ನೂ ತೆಗೆದಿರೋ ಆಹಾರ. ಇದನ್ನ ತಿನ್ಸಿದ ಇಲಿಗೆ ಕೆಲವೇ ವಾರದಲ್ಲಿ ಲಿವರ್ ತುಂಬಾ ಕೊಬ್ಬು, ಉರಿಯೂತ, ಎಂಟು ಹತ್ತು ವಾರಕ್ಕೆ ಫೈಬ್ರೋಸಿಸ್ ಕೂಡ. ರಿಸರ್ಚ್ ಮಾಡೋರಿಗೆ ಇದಕ್ಕಿಂತ ಏನು ಬೇಕು, ಬೇಗ ಆಗತ್ತೆ, ಖರ್ಚು ಕಮ್ಮಿ, ಪ್ರತಿ ಇಲೀಲೂ ಆಗತ್ತೆ. ಹಾಗಾಗಿ ದಶಕಗಳ ಕಾಲ ಸಾವಿರಾರು ಪೇಪರ್‌ಗಳು ಈ ಇಲಿ ಮೇಲೆ ಬಂದಿವೆ, ಈಗ್ಲೂ ಬರ್ತಿವೆ.

ಆದ್ರೆ ಆ ಇಲೀನ ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಬೇಕು. ಬೆನ್ನ ಮೂಳೆ ಬೆರಳಿಗೆ ಸಿಗತ್ತೆ. ಕೂದಲು ಹೊಳಪಿಲ್ದೆ ಕೆದರಿರತ್ತೆ. ತೂಕ ಶುರು ಮಾಡಿದಾಗ ಇದ್ದಿದ್ದಕ್ಕಿಂತ ಕಾಲು ಭಾಗನೋ ಅದಕ್ಕಿಂತ ಜಾಸ್ತಿನೋ ಇಳಿದಿರತ್ತೆ. ರಕ್ತದಲ್ಲಿ ಶುಗರ್ ಕಮ್ಮಿ, ಇನ್ಸುಲಿನ್ ಕಮ್ಮಿ, ಟ್ರೈಗ್ಲಿಸರೈಡ್ ಕಮ್ಮಿ. ಫ್ಯಾಟಿ ಲಿವರ್ ಅಂತ ಆಸ್ಪತ್ರೆಗೆ ಬರೋ ಮನುಷ್ಯರನ್ನ ನೆನೆಸ್ಕೊಳ್ಳಿ, ಹೊಟ್ಟೆ, ಶುಗರ್, ಬಿಪಿ, ಟ್ರೈಗ್ಲಿಸರೈಡ್ ಎಲ್ಲ ಏರಿರತ್ತೆ. ಇಲ್ಲಿ ಎಲ್ಲ ಇಳಿದಿದೆ, ಲಿವರಿನ ಚಿತ್ರ ಮಾತ್ರ ಒಂದೇ ಥರ ಕಾಣತ್ತೆ. ಇಂಥ ಇಲೀಲಿ ಯಾವ್ದೋ ಗಿಡದ ಸಾರ ಕೊಟ್ಟು ಕೊಬ್ಬು ಇಳೀತು ಅಂದ್ರೆ, ಕೋಲೀನ್ ಕೊರತೆಯಿಂದ ಸೊರಗಿರೋ ಇಲೀಲಿ ಇಳೀತು ಅಂತ ಅರ್ಥ. ಅಷ್ಟೇ ಅರ್ಥ. ಫೈಬ್ರೋಸಿಸ್ ಹೇಗೆ ಶುರುವಾಗತ್ತೆ, ನಾರು ಕಟ್ಟೋ ಸ್ಟೆಲೇಟ್ ಕೋಶಗಳು ಹೇಗೆ ಎಚ್ಚರ ಆಗ್ತವೆ ಅನ್ನೋ ಪ್ರಶ್ನೆಗಳಿಗೆ ಈ ಮಾಡೆಲ್ ಬಹಳ ಒಳ್ಳೇದು, ನಾನು ಅದನ್ನ ಬಯ್ಯಲ್ಲ. ಔಷಧಿ ಪರೀಕ್ಷೆಗೆ ಇದೊಂದನ್ನೇ ಇಟ್ಕೊಂಡು "ಫ್ಯಾಟಿ ಲಿವರಿಗೆ ಮದ್ದು" ಅಂತ ಪ್ರಚಾರ ಮಾಡೋದು ಮಾತ್ರ ನನಗೆ ಸರಿ ಕಾಣಲ್ಲ.

ಇನ್ನೊಂದು ದಾರಿ, ಚೆನ್ನಾಗಿ ತಿನ್ಸಿ ದಪ್ಪ ಮಾಡೋದು. ಇದಕ್ಕೆ ಹೈ ಫ್ಯಾಟ್ ಡಯಟ್ ಅಂತಾರೆ, ಕ್ಯಾಲೊರಿಯಲ್ಲಿ 60% ಕೊಬ್ಬಿನಿಂದಲೇ, ಹೆಚ್ಚಾಗಿ ಹಂದಿ ಕೊಬ್ಬಿನಿಂದ, ಬರೋ ಹಾಗೆ ಮಾಡಿರೋ ಪೆಲೆಟ್ಟು. ಬಹಳ ಲ್ಯಾಬ್‌ಗಳು ತರಿಸೋ ಅಮೆರಿಕನ್ ಕಂಪನಿ ಪೆಲೆಟ್ಟು ನೀಲಿ ಬಣ್ಣದ್ದು, ಬೇರೆ ಆಹಾರದ ಜೊತೆ ಅದಲು ಬದಲಾಗ್ಬಾರ್ದು ಅಂತ ಬಣ್ಣ ಹಾಕಿರ್ತಾರೆ. ಮಾಮೂಲಿ ಪೆಲೆಟ್ಟು ಕಲ್ಲಿನ ಹಾಗೆ ಗಟ್ಟಿ, ಇದು ಕೈಯಲ್ಲಿ ಹಿಡಿದ್ರೆ ಮೆತ್ತಗೆ, ಜಿಡ್ಡು ಜಿಡ್ಡು, ಗ್ಲೌಸ್ ಎಲ್ಲ ಎಣ್ಣೆ. ಫ್ರೀಜರಲ್ಲಿ ಇಡ್ಬೇಕು, ಬೋನಲ್ಲಿ ಹಾಕಿದ್ದನ್ನ ಆಗಾಗ ಬದಲಾಯಿಸ್ತಿರ್ಬೇಕು, ಇಲ್ಲಾಂದ್ರೆ ಕಮಟು ವಾಸನೆ ಬಂದು ಇಲಿ ತಿನ್ನೋದು ಬಿಡತ್ತೆ. ಇಲಿಗಳ ಮೈಗೂ ಅದೇ ಜಿಡ್ಡು ಹತ್ತಿ ಕೂದಲು ಎಣ್ಣೆ ಹಚ್ಚಿದ ಹಾಗೆ ಅಂಟಿಕೊಂಡಿರತ್ತೆ, ಬೋನ್ ಕ್ಲೀನ್ ಮಾಡೋ ಅಣ್ಣಂದಿರು ಈ ರ‍್ಯಾಕ್ ಬಂದ್ರೆ ನಿಟ್ಟುಸಿರು ಬಿಡ್ತಿದ್ರು. ನಾಲ್ಕೈದು ತಿಂಗಳು ತಿನ್ಸಿದ್ರೆ 25 ಗ್ರಾಂ ಇರೋ ಇಲಿ 45-50 ಗ್ರಾಂ ಆಗತ್ತೆ, ಶುಗರ್ ಏರತ್ತೆ, ಇನ್ಸುಲಿನ್ ಏರತ್ತೆ, ಲಿವರಲ್ಲಿ ಕೊಬ್ಬು ತುಂಬತ್ತೆ, ಎಲ್ಲ ಮನುಷ್ಯರ ಹಾಗೇ. ಆದ್ರೆ ಅಲ್ಲಿಗೇ ನಿಲ್ಲತ್ತೆ. ಫೈಬ್ರೋಸಿಸ್ ಆಗೋದೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಅಂದ್ರೆ ಎಂಸಿಡಿ ಇಲೀಲಿ ಲಿವರ್ ರೋಗಿಯ ಥರ ಇದೆ ದೇಹ ಇಲ್ಲ, ಈ ಇಲೀಲಿ ದೇಹ ರೋಗಿಯ ಥರ ಇದೆ ಲಿವರ್ ಅರ್ಧಕ್ಕೇ ನಿಂತಿದೆ. ಈ ಕ್ಷೇತ್ರದ ಅರ್ಧ ಶ್ರಮ ಈ ಎರಡನ್ನ ಒಂದೇ ಇಲೀಲಿ ತರೋಕೆ ಹೋಗಿದೆ.

ಅದಕ್ಕೆ ಕೊಬ್ಬಿನ ಜೊತೆ ಫ್ರಕ್ಟೋಸ್, ಕೊಲೆಸ್ಟ್ರಾಲ್ ಸೇರ್ಸಿದ್ರು. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಟೆಟ್ರಿ ತಂಡ ಮಾಡಿದ ಒಂದು ಮಾಡೆಲ್ ಇದೆ, ಅದಕ್ಕೆ ಅಮೆರಿಕನ್ ಲೈಫ್‌ಸ್ಟೈಲ್ ಅಂತಲೇ ಹೆಸರು. ಟ್ರಾನ್ಸ್ ಫ್ಯಾಟ್ ಇರೋ ಆಹಾರ, ಕುಡಿಯೋ ನೀರಲ್ಲಿ ಕೂಲ್ ಡ್ರಿಂಕ್ಸಿಗೆ ಹಾಕೋ ಕಾರ್ನ್ ಸಿರಪ್ಪಿನ ಸಕ್ಕರೆ, ಅದರ ಮೇಲೆ ಬೋನಿನ ಒಳಗಿನ ತಂತಿ ರ‍್ಯಾಕನ್ನೂ ತೆಗೆದ್ರು, ಯಾಕಂದ್ರೆ ಇಲಿಗಳು ಅದರ ಮೇಲೆ ಹತ್ತಿ ಇಳಿದು ವ್ಯಾಯಾಮ ಮಾಡ್ತವೆ! ಈ ಒಂದು ವಿವರ ಓದಿದಾಗ ನನಗೆ ಈ ತಂಡದ ಮೇಲೆ ಗೌರವ ಬಂತು, ಕಾಯಿಲೆ ಬರೋದು ತಟ್ಟೆಯಿಂದ ಮಾತ್ರ ಅಲ್ಲ ಅಂತ ಪ್ರಯೋಗದ ವಿನ್ಯಾಸದಲ್ಲೇ ಒಪ್ಕೊಂಡಿದಾರೆ. ಆಮೇಲೆ ಬಂದ ಆಮಿಲಿನ್ ಡಯಟ್ಟಲ್ಲಿ 40% ಕೊಬ್ಬು, ಜೊತೆಗೆ ಫ್ರಕ್ಟೋಸ್, 2% ಕೊಲೆಸ್ಟ್ರಾಲ್, ಆರೇಳು ತಿಂಗಳು ತಿನ್ಸಿದ್ರೆ ನಿಜವಾದ ಫೈಬ್ರೋಸಿಸ್ ಬರತ್ತೆ. ಅದರಲ್ಲೂ ಟ್ರಾನ್ಸ್ ಫ್ಯಾಟ್ ಇತ್ತು. ಅಮೆರಿಕದಲ್ಲಿ ಮನುಷ್ಯರ ಆಹಾರದಲ್ಲಿ ಅದನ್ನ ನಿಷೇಧ ಮಾಡಿದ್ಮೇಲೆ ಇಲಿ ಆಹಾರಕ್ಕೂ ಸಿಗೋದು ಕಷ್ಟ ಆಗಿ, ಅದರ ಜಾಗಕ್ಕೆ ಪಾಮ್ ಎಣ್ಣೆ ಹಾಕಿ ಹೊಸ ಡಯಟ್ ಮಾಡ್ಬೇಕಾಯ್ತು. ಅವಸರ ಇರೋರು ಇದಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಇಂಜೆಕ್ಷನ್ನೂ ಸೇರಿಸ್ತಾರೆ, ಹಿಂದೆ ಡ್ರೈ ಕ್ಲೀನಿಂಗಿಗೆ ಬಳಸ್ತಿದ್ದ ದ್ರಾವಣ, ಲಿವರಿಗೆ ನೇರ ವಿಷ. ವಾರಕ್ಕೊಂದು ಸಣ್ಣ ಡೋಸ್ ಕೊಟ್ರೆ ಮೂರು ತಿಂಗಳಿಗೇ ಜೋರು ಫೈಬ್ರೋಸಿಸ್. ಉಪಯೋಗಕ್ಕೆ ಬರತ್ತೆ, ಆದ್ರೆ ಯಾವ ಮನುಷ್ಯನೂ ವಾರವಾರ ಅದನ್ನ ತಗೊಳ್ಳಲ್ಲ ಅನ್ನೋದು ಮರೀಬಾರ್ದು.

ವಂಶವಾಹಿ ಕಡೆಯಿಂದ ಬಂದಿರೋ ಇಲಿಗಳೂ ಇವೆ. ಓಬಿ/ಓಬಿ ಇಲಿ 1949-50ರ ಹೊತ್ತಿಗೆ ಅಮೆರಿಕದ ಜ್ಯಾಕ್ಸನ್ ಲ್ಯಾಬೊರೇಟರೀಲಿ ತಾನಾಗೇ ಕಾಣಿಸ್ಕೊಂಡಿದ್ದು, ತಿಂತಾನೇ ಇರತ್ತೆ. ಅದಕ್ಕೆ ಸಾಕು ಅನ್ನೋ ಸಂದೇಶ ಕೊಡೋ ಲೆಪ್ಟಿನ್ ಹಾರ್ಮೋನೇ ಇಲ್ಲ ಅಂತ ಗೊತ್ತಾಗಿದ್ದು 1994ರಲ್ಲಿ, ಜೆಫ್ರಿ ಫ್ರೀಡ್ಮನ್ ತಂಡದಿಂದ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲೂ ತಾನಾಗೇ ಹುಟ್ಟಿದ ದಪ್ಪ ಇಲಿಗಳ ತಳಿ ಇದೆ. ಓಬಿ/ಓಬಿ ಇಲಿಯ ಲಿವರ್ ಕೊಬ್ಬಿನಿಂದ ತುಂಬಿರತ್ತೆ, ಆದ್ರೆ ಫೈಬ್ರೋಸಿಸ್ ಆಗೋಕೆ ಲೆಪ್ಟಿನ್ ಕೂಡ ಬೇಕು, ಹಾಗಾಗಿ ಇದರಲ್ಲಿ ನಾರು ಕಟ್ಟೋದು ಬಹಳ ಕಮ್ಮಿ. ಲೆಪ್ಟಿನ್ ಕೊರತೆಯಿಂದ ದಪ್ಪ ಆಗಿರೋ ಮನುಷ್ಯರು ಅತಿ ವಿರಳ, ದಪ್ಪ ಇರೋರಲ್ಲಿ ಸಾಮಾನ್ಯವಾಗಿ ಲೆಪ್ಟಿನ್ ಜಾಸ್ತೀನೇ ಇರತ್ತೆ.

ಇನ್ನು ಚಳಿ ವಿಷಯ. ಇದನ್ನ ಓದಿದ ಮೇಲೆ ನಾನು ಅನಿಮಲ್ ಹೌಸಿಗೆ ಹೋದಾಗೆಲ್ಲ ಗೋಡೆ ಮೇಲಿನ ಥರ್ಮಾಮೀಟರ್ ನೋಡ್ತಿದ್ದೆ. ಎಲ್ಲ ಕಡೆ ಇಲಿಗಳನ್ನ ಇಡೋದು 22 ಡಿಗ್ರೀಲಿ, ಅದು ಕೋಟು ಹಾಕ್ಕೊಂಡು ಕೆಲಸ ಮಾಡೋ ನಮಗೆ ಹಿತ. ಇಲಿಗೆ ಹಿತ ಅನ್ಸೋದು 30 ಡಿಗ್ರಿ ಸುತ್ತ. ಅಂದ್ರೆ ಅವು ಜೀವನಪೂರ್ತಿ ಚಳೀಲಿ, ಮೈ ಬಿಸಿ ಇಟ್ಕೊಳ್ಳೋಕೆ ಕೊಬ್ಬು ಸುಡ್ತಾ ಇರ್ತವೆ. 2017ರಲ್ಲಿ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ತಂಡ ಅದೇ ಇಲಿ, ಅದೇ ಆಹಾರ ಇಟ್ಕೊಂಡು ರೂಮ್ ಮಾತ್ರ 30 ಡಿಗ್ರಿ ಮಾಡಿ ನೋಡ್ತು. ಕಾಯಿಲೆ ಗಣನೀಯವಾಗಿ ಜೋರಾಯ್ತು, ಸಾಮಾನ್ಯವಾಗಿ ತಪ್ಪಿಸ್ಕೊಳ್ತಿದ್ದ ಹೆಣ್ಣಿಲಿಗಳಿಗೂ ಬಂತು. ಅದಕ್ಕೂ ಮುಂಚೆ ಹೆಣ್ಣಿಲಿಗೆ ಸರಿಯಾಗಿ ಕಾಯಿಲೆ ಬರಲ್ಲ ಅಂತ ಹೆಚ್ಚಿನ ಪ್ರಯೋಗಗಳು ಗಂಡಿಲಿ ಮೇಲೇ ನಡೆದಿದ್ವು, ಈಗ್ಲೂ ಹಾಗೇ ನಡೀತವೆ, ಆಸ್ಪತ್ರೆಗೆ ಬರೋ ರೋಗಿಗಳಲ್ಲಿ ಎಷ್ಟೊಂದು ಹೆಂಗಸರಿದ್ರೂ.

ಲಿವರ್ ಹೇಗೆ ಕಾಣತ್ತೆ ಅಂತ ಹೇಳ್ಲಿಲ್ಲ. ಆರೋಗ್ಯವಾಗಿರೋ ಇಲಿ ಲಿವರ್ ಕಡು ಕೆಂಪುಕಂದು, ಅಂಚು ಚೂಪು. ಕೊಬ್ಬು ತುಂಬಿದ್ದು ಹಳದಿ ಮಿಶ್ರಿತ ಪೇಲವ ಬಣ್ಣ, ಅಂಚು ದುಂಡಗೆ, ಒಂದು ಚೂರನ್ನ ಫಾರ್ಮಲಿನ್ ಬಾಟ್ಲಿಗೆ ಹಾಕಿದ್ರೆ ಕೆಲವು ಸಲ ಮುಳುಗದೆ ತೇಲತ್ತೆ. ಸ್ಲೈಡ್ ಮಾಡೋಕೆ ಮೇಣದಲ್ಲಿ ಕೂರಿಸೋವಾಗ ಬಳಸೋ ದ್ರಾವಣಗಳು ಕೊಬ್ಬನ್ನೆಲ್ಲ ಕರಗಿಸಿ ತೆಗೆದುಬಿಡ್ತವೆ, ಹಾಗಾಗಿ ಮೈಕ್ರೋಸ್ಕೋಪಲ್ಲಿ ನಾವು ನೋಡೋದು ಕೊಬ್ಬನ್ನಲ್ಲ, ಕೊಬ್ಬಿದ್ದ ಜಾಗದ ಬಿಳಿ ತೂತುಗಳನ್ನ. ಕೊಬ್ಬನ್ನೇ ನೋಡ್ಬೇಕಂದ್ರೆ ಅಂಗಾಂಶವನ್ನ ಫ್ರೀಜ್ ಮಾಡಿ ಕತ್ತರಿಸಿ ಆಯಿಲ್ ರೆಡ್ ಓ ಅನ್ನೋ ಬಣ್ಣ ಹಾಕ್ಬೇಕು. ಆಮೇಲೆ ಪ್ಯಾಥಾಲಜಿಸ್ಟ್ ಕೂತು ಅಂಕ ಕೊಡ್ತಾರೆ, ಕೊಬ್ಬಿಗೆ 3ರ ತನಕ, ಉರಿಯೂತಕ್ಕೆ 3ರ ತನಕ, ಊದಿರೋ ಕೋಶಗಳಿಗೆ 2ರ ತನಕ, ಒಟ್ಟು 8. ಇದು ಮನುಷ್ಯರ ಬಯಾಪ್ಸಿಗೆ ಅಂತ 2005ರಲ್ಲಿ ಮಾಡಿದ ಲೆಕ್ಕ. ಮನುಷ್ಯರಲ್ಲಿ ಕಾಯಿಲೆ ಜೋರಿದೆ ಅನ್ನೋಕೆ ಮುಖ್ಯ ಗುರುತಾಗಿರೋ ಆ ಊದಿದ ಕೋಶಗಳು ಇಲೀಲಿ ಕಾಣೋದೇ ಅಪರೂಪ.

ಸೆಲ್ ಕಲ್ಚರ್‌ಗೆ ಬರ್ತೀನಿ, ನನ್ನ ಕೈ ಪಳಗಿರೋದು ಇಲ್ಲೇ. ಜಗತ್ತಿನ ತುಂಬಾ ಹೆಚ್ಚಾಗಿ ಬಳಸೋದು ಹೆಪ್‌ಜಿ2 ಅನ್ನೋ ಕೋಶಗಳು, 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಒಬ್ಬ ಹುಡುಗನ ಲಿವರ್ ಗೆಡ್ಡೆಯಿಂದ ಬಂದಿದ್ದು. ಆ ಹುಡುಗನ ಹೆಸರು ನಮಗ್ಯಾರಿಗೂ ಗೊತ್ತಿಲ್ಲ, ಅವನ ಕೋಶಗಳು ಪ್ರತಿ ಲಿವರ್ ಲ್ಯಾಬಿನ ಇನ್‌ಕ್ಯುಬೇಟರಲ್ಲೂ ಬೆಳೀತಿವೆ, ಇದನ್ನ ನೆನೆಸ್ಕೊಂಡು ಕೆಲಸ ಮಾಡಿದ್ರೆ ಒಳ್ಳೇದು ಅಂತ ನಾನು ಹೊಸದಾಗಿ ಸೇರೋರಿಗೆಲ್ಲ ಹೇಳ್ತಿದ್ದೆ. ಈ ಕೋಶಗಳಿಗೆ ಕೊಬ್ಬು ತಿನ್ಸೋಕೆ ಓಲಿಯಿಕ್ ಆಸಿಡ್ ಮತ್ತು ಪಾಮಿಟಿಕ್ ಆಸಿಡ್ ಕೊಡ್ತೀವಿ, ಹೆಚ್ಚಾಗಿ ಎರಡಕ್ಕೆ ಒಂದರ ಪ್ರಮಾಣದಲ್ಲಿ. ಮೊದಲನೇದು ಆಲಿವ್ ಎಣ್ಣೇಲಿ ಜಾಸ್ತಿ ಇರೋದು, ಎರಡನೇದು ಪಾಮ್ ಎಣ್ಣೇಲಿ. ಪಾಮಿಟಿಕ್ ಬಹಳ ಹಠಮಾರಿ, ನೀರಲ್ಲಿ ಕರಗಲ್ಲ, ಬಿಸಿ ಮಾಡಿ ಅಲ್ಬುಮಿನ್ ಪ್ರೋಟೀನಿಗೆ ಅಂಟಿಸ್ಬೇಕು, ಬಿಸಿನೀರಿನ ತೊಟ್ಟಿಯಿಂದ ಕೆಲಸದ ಜಾಗಕ್ಕೆ ತರೋಷ್ಟ್ರಲ್ಲಿ ತಣ್ಣಗಾದ್ರೆ ಟ್ಯೂಬೆಲ್ಲ ಬಿಳಿ ಬಿಳಿ ಮಬ್ಬು. ಸರಿಯಾಗಿ ಆದ್ರೆ ಮಾರನೇ ದಿನ ಮೈಕ್ರೋಸ್ಕೋಪಲ್ಲಿ ಕೋಶದ ತುಂಬಾ ಹೊಳೆಯೋ ಚುಕ್ಕಿಗಳು, ಆಯಿಲ್ ರೆಡ್ ಹಾಕಿ ತೊಳೆದ್ರೆ ದಾಳಿಂಬೆ ಕಾಳಿನ ಕೆಂಪು. ನೋಡೋಕೆ ಎಷ್ಟು ಚೆಂದ ಅಂದ್ರೆ ಇದೇ ಕಾಯಿಲೆ ಅಂತ ನಂಬಿಬಿಡೋಣ ಅನ್ಸತ್ತೆ.

ಆದ್ರೆ ಒಂದು ದಿನದಲ್ಲಿ ಕೊಬ್ಬು ತುಂಬಿದ ಕ್ಯಾನ್ಸರ್ ಕೋಶ ಅದು. ಅಕ್ಕಪಕ್ಕ ಉರಿಯೂತ ತರೋ ಕುಪ್ಫರ್ ಕೋಶ ಇಲ್ಲ, ನಾರು ಕಟ್ಟೋ ಸ್ಟೆಲೇಟ್ ಕೋಶ ಇಲ್ಲ, ರಕ್ತದ ಹರಿವಿಲ್ಲ. ಔಷಧಿಗಳನ್ನ ಒಡೆಯೋ ಕಿಣ್ವಗಳು ನಿಜವಾದ ಲಿವರಲ್ಲಿ ಇರೋದಕ್ಕಿಂತ ತುಂಬಾ ಕಮ್ಮಿ. ಅದರ ಮೇಲೆ, ಹೆಪ್‌ಜಿ2 ಕೋಶಗಳಲ್ಲಿ ಪಿಎನ್‌ಪಿಎಲ್‌ಎ3 ಅನ್ನೋ ಜೀನಿನ ಎರಡೂ ಪ್ರತಿಗಳು ಫ್ಯಾಟಿ ಲಿವರಿನ ಅಪಾಯ ಹೆಚ್ಚಿಸೋ ರೂಪದಲ್ಲೇ ಇವೆ. 2008ರಲ್ಲಿ ಟೆಕ್ಸಾಸಿನ ಡಲ್ಲಾಸಲ್ಲಿ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ತಂಡ ಗುರುತಿಸಿದ ರೂಪ ಇದು, ಪ್ರೋಟೀನಿನ 148ನೇ ಜಾಗದಲ್ಲಿ ಒಂದು ಅಮೈನೋ ಆಸಿಡ್ ಬದಲಾಗಿರತ್ತೆ. ಅಂದ್ರೆ "ಆರೋಗ್ಯವಂತ" ಕಂಟ್ರೋಲ್ ಅಂತ ಇಟ್ಕೊಂಡಿರೋ ಪ್ಲೇಟಲ್ಲೇ ಕಾಯಿಲೆಯ ಜೀನ್ ಕೂತಿದೆ.

ಈ ಜೀನಿನ ಕಥೆ ಇಲೀಲೂ ವಿಚಿತ್ರ. ಇಲೀಲಿ ಆ ಜೀನನ್ನ ಪೂರ್ತಿ ತೆಗೆದುಹಾಕಿದ್ರೆ ಏನೂ ಆಗ್ಲಿಲ್ಲ, ಲಿವರ್ ಚೆನ್ನಾಗೇ ಇತ್ತು. ಆಮೇಲೆ ಮನುಷ್ಯರಲ್ಲಿರೋ ಅದೇ ಬದಲಾವಣೆಯನ್ನ ಇಲಿ ಜೀನಲ್ಲಿ ಮಾಡಿ ನೋಡಿದ್ರು, ಮಾಮೂಲಿ ಆಹಾರದಲ್ಲಿ ಆಗ್ಲೂ ಏನಿಲ್ಲ. ಸಕ್ಕರೆ ಜಾಸ್ತಿ ಇರೋ ಆಹಾರ ಕೊಟ್ಟಾಗ ಮಾತ್ರ ಕೊಬ್ಬು ತುಂಬ್ತು. ಜೀನ್ ಒಂದೇ ಸಾಲ್ದು, ತಟ್ಟೆ ಒಂದೇ ಸಾಲ್ದು, ಎರಡೂ ಸೇರ್ಬೇಕು. ಇಲಿ ಇಲ್ದೇ ಹೋಗಿದ್ರೆ ಇದನ್ನ ಇಷ್ಟು ಸ್ಪಷ್ಟವಾಗಿ ಬಿಡಿಸಿ ನೋಡೋಕೆ ಆಗ್ತಿರಲಿಲ್ಲ, ಇಲಿ ಪ್ರಯೋಗಗಳೇ ಬೇಡ ಅನ್ನೋರಿಗೆ ನಾನು ಕೊಡೋ ಉದಾಹರಣೆ ಇದು.

ಹಾಗಾದ್ರೆ ಇಲೀಲಿ ಗೆದ್ದ ಔಷಧಿಗಳು ಮನುಷ್ಯರಲ್ಲಿ ಏನಾದ್ವು. ಸೆಲೋನ್ಸರ್ಟಿಬ್ 2019ರಲ್ಲಿ ಎರಡು ದೊಡ್ಡ ಟ್ರಯಲ್‌ಗಳಲ್ಲೂ ಸೋತಿತು. ಎಲಾಫಿಬ್ರನೋರ್ 2020ರಲ್ಲಿ ಸೋತಿತು, ಆಮೇಲೆ ಪಿತ್ತನಾಳದ ಬೇರೆ ಒಂದು ಕಾಯಿಲೆಗೆ ಒಪ್ಪಿಗೆ ಸಿಕ್ತು. ಒಬೆಟಿಕೋಲಿಕ್ ಆಸಿಡ್ ಫೈಬ್ರೋಸಿಸ್ ಸ್ವಲ್ಪ ಇಳಿಸ್ತು, ಆದ್ರೂ ಔಷಧಿಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಎಫ್‌ಡಿಎ 2020ರಲ್ಲಿ ಒಂದ್ಸಲ, 2023ರಲ್ಲಿ ಇನ್ನೊಂದ್ಸಲ ಬೇಡ ಅಂತು. ದೊಡ್ಡ ಡೋಸ್ ತಗೊಂಡೋರಲ್ಲಿ ಅರ್ಧದಷ್ಟು ಜನಕ್ಕೆ ಮೈ ತುರಿಕೆ, ಎಲ್‌ಡಿಎಲ್ ಕೊಲೆಸ್ಟ್ರಾಲ್ ಬೇರೆ ಏರ್ತು. ಇಲಿ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿ ಎಚ್‌ಡಿಎಲ್ ರೂಪದಲ್ಲೇ ಓಡಾಡತ್ತೆ, ಅದರ ಪಿತ್ತರಸದ ಆಮ್ಲಗಳೂ ನಮ್ಮದಕ್ಕಿಂತ ಬೇರೆ, ಹಾಗಾಗಿ ಇಂಥದ್ದನ್ನ ಮುಂಚೇನೇ ಹೇಳೋದು ಅದಕ್ಕೆ ಕಷ್ಟ. ಕೊನೆಗೆ 2024ರ ಮಾರ್ಚಲ್ಲಿ ಮೊದಲ ಔಷಧಿಗೆ ಒಪ್ಪಿಗೆ ಸಿಕ್ತು, ರೆಸ್ಮೆಟಿರೋಮ್, ಲಿವರಲ್ಲಿರೋ ಥೈರಾಯ್ಡ್ ಹಾರ್ಮೋನಿನ ಬೀಟಾ ರಿಸೆಪ್ಟರ್ ಮೇಲೆ ಕೆಲಸ ಮಾಡತ್ತೆ. 966 ಜನರ ಟ್ರಯಲಲ್ಲಿ ಒಂದು ವರ್ಷದ ನಂತರ ಕಾಯಿಲೆಯ ಉರಿಯೂತ ಹೋಗಿದ್ದು ಡೋಸ್ ಪ್ರಕಾರ 25.9% ಮತ್ತು 29.9% ಜನರಲ್ಲಿ, ಸುಮ್ಮನೆ ಸಕ್ಕರೆ ಮಾತ್ರೆ ತಗೊಂಡೋರಲ್ಲಿ 9.7%. ಗೆದ್ದಿರೋ ಔಷಧಿಯೇ ಮೂರರಲ್ಲಿ ಒಬ್ಬರಿಗೂ ಪೂರ್ತಿ ಮುಟ್ಟಿಲ್ಲ. 2025ರ ಆಗಸ್ಟಲ್ಲಿ, ಶುಗರಿಗೂ ತೂಕ ಇಳಿಸೋಕೂ ಕೊಡೋ ಸೆಮಾಗ್ಲುಟೈಡಿಗೂ ಒಪ್ಪಿಗೆ ಬಂತು.

ಇದೆಲ್ಲದರಲ್ಲಿ ನನ್ನನ್ನ ಜಾಸ್ತಿ ಕಾಡೋದು ಬೇರೆ. ದಾವಣಗೆರೇಲಿರೋ ನನ್ನ ಸೋದರತ್ತೆ ಐವತ್ತು ಕೆಜಿ ದಾಟಿದವರಲ್ಲ. ಪಿತ್ತಕೋಶದ ಕಲ್ಲಿದೆಯಾ ಅಂತ ಸ್ಕ್ಯಾನಿಂಗ್ ಮಾಡಿಸಿದ್ರೆ ರಿಪೋರ್ಟಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂತು. "ನಾನು ಎಣ್ಣೆ ತಿಂಡೀನೇ ಮುಟ್ಟಲ್ವಲ್ಲ ಪುಟ್ಟಿ, ನಂಗ್ಯಾಕೆ ಇದು?" ಅಂತ ಫೋನ್ ಮಾಡಿ ಕೇಳಿದ್ರು, ಅದಕ್ಕಿಂತ ಅವರಿಗೆ ಕುಡಿಯೋರ ಕಾಯಿಲೆ ಅಂತ ಜನ ಏನಂದ್ಕೋತಾರೋ ಅನ್ನೋ ಚಿಂತೆ. ಅತ್ತೆ ಪ್ರಶ್ನೆ ನ್ಯಾಯವಾಗಿದೆ. ಅಮೆರಿಕದಲ್ಲಿ 2005ರ ಒಂದು ಅಧ್ಯಯನ, ಫ್ಯಾಟಿ ಲಿವರ್ ಇರೋರ ಲಿವರಿನ ಕೊಬ್ಬು ಎಲ್ಲಿಂದ ಬಂತು ಅಂತ ಗುರುತು ಹಾಕಿ ನೋಡಿದಾಗ 59% ಮೈಯ ಕೊಬ್ಬಿನಿಂದ ಹರಿದು ಬಂದಿದ್ದು, 26% ಲಿವರ್ ತಾನೇ ಸಕ್ಕರೆ ಪಿಷ್ಟದಿಂದ ತಯಾರಿಸಿದ್ದು, ನೇರ ತಿಂದ ಕೊಬ್ಬಿಂದ ಬಂದಿದ್ದು 15% ಮಾತ್ರ. ಹಾಗಾಗಿ ಎಣ್ಣೆ ಬಿಟ್ಟು ಮೂರು ಹೊತ್ತು ಅನ್ನ, ನಾಲ್ಕು ಸಲ ಸಕ್ಕರೆ ಕಾಫಿ ಅಂದ್ರೆ ಲಿವರಿಗೆ ಬಿಡುಗಡೆ ಸಿಗಲ್ಲ. ತೆಳ್ಳಗಿರೋರಿಗೂ ತೂಕ ಸ್ವಲ್ಪ ಇಳಿಸೋದು ಕೆಲಸ ಮಾಡತ್ತೆ ಅಂತ ಹಾಂಗ್‌ಕಾಂಗಿನವರು ಜನರ ಮೇಲೇ ಮಾಡಿರೋ ಟ್ರಯಲ್ ಇದೆ, ದಪ್ಪ ಇಲ್ಲದವರಲ್ಲಿ 3ರಿಂದ 5% ತೂಕ ಇಳಿಸಿದೋರಲ್ಲಿ ಅರ್ಧ ಜನಕ್ಕೆ ಲಿವರಿನ ಕೊಬ್ಬು ಹೋಯ್ತು. ಅತ್ತೆಗೆ ಡಾಕ್ಟರೂ ಅದನ್ನೇ ಹೇಳಿದ್ರು, ಜೊತೆಗೆ ನಡಿಗೆ, ಶುಗರ್ ಚೆಕ್.

ಇವರೊಬ್ಬರ ಕಥೆ ಅಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ, ಬಡವರು, ಮೈ ಬಗ್ಗಿಸಿ ದುಡಿಯೋ ಜನ, ಅಲ್ಲೂ 8.7% ಜನರಿಗೆ ಫ್ಯಾಟಿ ಲಿವರ್, ಅವರಲ್ಲಿ ಮುಕ್ಕಾಲು ಪಾಲು ಬಿಎಂಐ 25ಕ್ಕಿಂತ ಕಮ್ಮಿ, ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹೊಟ್ಟೆಯ ಬೊಜ್ಜೂ ಇಲ್ಲ. 60% ಕೊಬ್ಬಿನ ಆಹಾರ ತಿನ್ಸಿ ಎರಡು ಪಟ್ಟು ತೂಕ ಬರ್ಸಿದ ಇಲಿ ಇವರ ಬಗ್ಗೆ ಏನು ಹೇಳತ್ತೆ? ಎಂಸಿಡಿ ಇಲಿ ತೆಳ್ಳಗಿರತ್ತೆ ನಿಜ, ಆದ್ರೆ ಅದು ಹಸಿವಿನ ಥರದ ತೆಳು, ಇನ್ಸುಲಿನ್ ಇಳಿದಿರೋ ತೆಳು, ಇವರದ್ದು ಬಹಳ ಸಲ ತೆಳ್ಳಗಿದ್ರೂ ಇನ್ಸುಲಿನ್ ಮಾತು ಸರಿಯಾಗಿ ಕೇಳದಿರೋ ದೇಹ. ನಮ್ಮ ದೇಶದಲ್ಲಿ 2021ರಲ್ಲಿ ಫ್ಯಾಟಿ ಲಿವರನ್ನ ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ್ರು, ಅದು ಒಳ್ಳೇ ಹೆಜ್ಜೆ, ಆದ್ರೆ ಲ್ಯಾಬಲ್ಲಿ ನಾವು ಇನ್ನೂ ಅಮೆರಿಕದ ತಟ್ಟೇನೇ ಇಲಿ ಮುಂದೆ ಇಡ್ತಿದೀವಿ, ಆ ನೀಲಿ ಪೆಲೆಟ್ಟನ್ನ ಅಷ್ಟು ದುಡ್ಡು ಕೊಟ್ಟು ಹಡಗಲ್ಲಿ ತರಿಸ್ಕೊಂಡು.

ದಾರಿ ಇಲ್ಲ ಅಂತಲ್ಲ. ಆಪರೇಷನ್ನಲ್ಲಿ ತೆಗೆದ ಮನುಷ್ಯರ ಲಿವರನ್ನ ಕಾಲು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿ ಕೆಲವು ದಿನ ಜೀವಂತ ಇಡಬಹುದು, ಅದರಲ್ಲಿ ಎಲ್ಲ ಥರದ ಕೋಶಗಳೂ ಇದ್ದ ಜಾಗದಲ್ಲೇ ಇರ್ತವೆ. 2019ರಲ್ಲಿ ತಾಕೆಬೆ ಅನ್ನೋ ವಿಜ್ಞಾನಿಯ ತಂಡ ಮನುಷ್ಯರ ಸ್ಟೆಮ್ ಸೆಲ್‌ಗಳಿಂದ (ಬೇರೆ ಬೇರೆ ಥರದ ಕೋಶ ಆಗಬಲ್ಲ ಮೂಲ ಕೋಶಗಳು) ಆರ್ಗನಾಯ್ಡ್ ಅನ್ನೋ ಪುಟಾಣಿ ಲಿವರ್ ಬೆಳೆಸಿ, ಅದರಲ್ಲಿ ಕುಪ್ಫರ್ ಥರದವೂ ಸ್ಟೆಲೇಟ್ ಥರದವೂ ಎರಡೂ ಕೋಶ ಬರೋ ಹಾಗೆ ಮಾಡಿ, ಓಲಿಯಿಕ್ ಆಸಿಡ್ ಕೊಟ್ಟಾಗ ಕೊಬ್ಬು, ಉರಿಯೂತ, ಆಮೇಲೆ ಆರ್ಗನಾಯ್ಡೇ ಗಟ್ಟಿಯಾಗೋದನ್ನ ಅಳೆದು ತೋರಿಸ್ತು. ಇದಕ್ಕೂ ಮಿತಿ ಇದೆ, ಕರುಳಿಲ್ಲ, ಮೈ ಕೊಬ್ಬಿಲ್ಲ, ಪ್ಯಾಂಕ್ರಿಯಾಸಿಲ್ಲ, ಕೋಶಗಳೂ ಪೂರ್ತಿ ಬಲಿತಿರಲ್ಲ, ಅದಕ್ಕೇ ಇಲಿ ಜೊತೆ ಜೊತೆಗೇ ನಡೀಬೇಕು ಅನ್ನೋದು ನನ್ನ ಅಭಿಪ್ರಾಯ. 2022ರ ಡಿಸೆಂಬರಲ್ಲಿ ಅಮೆರಿಕದಲ್ಲಿ, 2023ರ ಮಾರ್ಚಲ್ಲಿ ನಮ್ಮಲ್ಲಿ, ಔಷಧಿ ಪರೀಕ್ಷೆಗೆ ಇಂಥ ವಿಧಾನಗಳನ್ನೂ ಒಪ್ಪಿಕೊಳ್ಳೋ ಹಾಗೆ ನಿಯಮಗಳು ಬದಲಾಗಿವೆ.

ಆರ್ಗನಾಯ್ಡಿನ ದೊಡ್ಡ ಗುಣ ಏನಂದ್ರೆ ಯಾರ ರಕ್ತದಿಂದ ಬೇಕಾದ್ರೂ ಶುರು ಮಾಡ್ಬಹುದು, ಅವರ ಜೀನುಗಳೆಲ್ಲ ಹಾಗೇ ಬರ್ತವೆ. ನನಗೆ ಮಾಡಿ ನೋಡ್ಬೇಕು ಅನ್ನೋ ಪ್ರಯೋಗ ಇದು: ತೆಳ್ಳಗಿದ್ದೂ ಫ್ಯಾಟಿ ಲಿವರ್ ಇರೋ ಹಳ್ಳಿಯವರು ಒಂದಷ್ಟು ಜನ, ಅದೇ ಊರಲ್ಲಿ ಅದೇ ಊಟ ಉಣ್ಣೋ ಫ್ಯಾಟಿ ಲಿವರ್ ಇಲ್ಲದವರು ಒಂದಷ್ಟು ಜನ, ಎಲ್ಲರ ಒಪ್ಪಿಗೆ ಪಡೆದು ರಕ್ತ ತಗೊಂಡು ಸ್ಟೆಮ್ ಸೆಲ್ ಮಾಡಿ ಆರ್ಗನಾಯ್ಡ್ ಬೆಳೆಸೋದು, ಅವಕ್ಕೆ ಪಾಮಿಟಿಕ್ ಅಲ್ಲ, ಗ್ಲೂಕೋಸ್, ಫ್ರಕ್ಟೋಸ್, ಇನ್ಸುಲಿನ್ ಜಾಸ್ತಿ ಕೊಟ್ಟು ಯಾರದ್ದು ತಾನೇ ಕೊಬ್ಬು ತಯಾರಿಸತ್ತೆ ಅಂತ ನೋಡೋದು, ಪಿಎನ್‌ಪಿಎಲ್‌ಎ3 ಯಾವ ರೂಪದಲ್ಲಿದೆ ಅಂತ ಜೊತೆಗೇ ಓದೋದು. ಬೆಂಗಳೂರಲ್ಲಿ ಸ್ಟೆಮ್ ಸೆಲ್ ಕೆಲಸಕ್ಕೆ ಅಂತಲೇ ಇನ್‌ಸ್ಟೆಮ್ ಇದೆ, ಕೈ ಪಳಗಿದ ಹುಡುಗ ಹುಡುಗೀರು ಇದಾರೆ, ಲಿವರ್ ಡಾಕ್ಟರ್‌ಗಳ ಹತ್ರ ಇಂಥ ರೋಗಿಗಳು ದಿನಾ ಬರ್ತಾರೆ. ಈ ಥರದ ಕೆಲಸದಲ್ಲಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಬರೀರಿ, ಯಾವ ದಾನಿಗಳ ಕೋಶ ಬಳಸ್ತಿದೀರಿ, ಅದರಲ್ಲಿ ನಮ್ಮ ಊರಿನವರು ಎಷ್ಟು ಜನ ಇದಾರೆ ಅಂತ ತಿಳ್ಕೊಳ್ಳೋ ಆಸೆ ನನಗೆ.